ಈ ಹಳೇ ಬುಕ್ಕಿನ ಚಿತ್ರಗಳಲ್ಲಿ ಅಂಥದ್ದೇನಿದೆ?

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಆಟ ಇರುತ್ತದೆ. ಊಟದ ಮೇಜಿನ ಸುತ್ತ ಐದಾರು ಜನ, ನಡುವೆ ಒಂದು ತಟ್ಟೆ ಕೋಡುಬಳೆ, ಒಂದು ಹಿಡಿ ಡೈಸ್. ಹೊಸಬರು ಬಂದಾಗಲೆಲ್ಲ ಕಪಾಟಿನ ಮುಂದೆ ನಿಂತು ಪುಸ್ತಕ ತಿರುವಿ ಹಾಕುತ್ತಾರೆ. ಮೊದಲು ಕೈಗೆ ಸಿಗುವುದು ಈಚಿನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕಗಳು. ಬಣ್ಣದ ಪುಟಗಳನ್ನು ನೋಡಿ ಕಣ್ಣರಳಿಸುತ್ತಾರೆ. ಆಮೇಲೆ ಅದೇ ಆಟದ 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಟಗಾರರ ಕೈಪಿಡಿ, ತೆಗೆಯುತ್ತಾರೆ. ಮುಖ ಸಪ್ಪಗಾಗುತ್ತದೆ. ಪ್ರಶ್ನೆ ಬಂದೇ ಬರುತ್ತದೆ: "ಇಷ್ಟು ಚೆಂದದ ಪುಸ್ತಕ ಇಟ್ಕೊಂಡು ಆಟದ ದಿನ ಈ ಹಳೇದನ್ನೇ ಯಾಕೆ ತೋರಿಸ್ತೀರಾ? ಅಂಥದ್ದೇನಿದೆ ಇದರಲ್ಲಿ?"

ಉತ್ತರ ಹೇಳುವ ಮೊದಲು, ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಅವರನ್ನು ಡಿಎಮ್ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಅದು ನಾನು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. "ಮುಂದೆ ಬಾಗಿಲಿದೆ, ಒಳಗಿಂದ ಏನೋ ಉಸಿರಾಡುವ ಸದ್ದು" ಅಂತ ನಾನು ಹೇಳಿದರೆ, ಏನು ಮಾಡುತ್ತೇವೆ ಅಂತ ಅವರು ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವುದನ್ನು ಡೈಸ್ ಹೇಳುತ್ತದೆ. ಅಷ್ಟೇ. ಮಿಕ್ಕಿದ್ದೆಲ್ಲ ತಲೆಯೊಳಗೆ ನಡೆಯುವುದು. ಹಾಗಾಗಿ ಆ ತಲೆಯೊಳಗೆ ಮೊದಲು ಯಾವ ಚಿತ್ರ ಹೋಯಿತು ಅನ್ನುವುದು ಸಣ್ಣ ವಿಷಯವಲ್ಲ.

ಹಳೇ ಚಿತ್ರಗಳನ್ನು ಯಾಕೆ ಇಷ್ಟಪಡುತ್ತೀರಿ ಅಂದರೆ ಅಮೆರಿಕದ ಆಟಗಾರರ ಹತ್ತಿರ ಸುಲಭದ ಉತ್ತರ ಇದೆ. ಹನ್ನೆರಡನೇ ವಯಸ್ಸಲ್ಲಿ ಏನು ನೋಡಿದೆವೋ ಅದೇ ಚೆಂದ. ನನಗೆ ಆ ನೆಪ ಇಲ್ಲ. ಹನ್ನೆರಡನೇ ವಯಸ್ಸಲ್ಲಿ ನಾನು ನೋಡುತ್ತಿದ್ದದ್ದು ಚಂದಮಾಮ. ಈ ಪುಸ್ತಕ ಕೈಗೆ ಬಂದಾಗ ನನಗೆ ಇಪ್ಪತ್ತೆಂಟು. ಅದೂ ಹೊಸ ಪುಸ್ತಕಗಳನ್ನು ನೋಡಿ ಮುಗಿಸಿದ ಮೇಲೆ. ಮೊದಲ ಸಲ ನೋಡಿದಾಗ ನನಗೂ ನಗು ಬಂದಿತ್ತು.

ಆದರೆ ಆ ಮುಖಪುಟವನ್ನು ಸ್ವಲ್ಪ ಹೊತ್ತು ನೋಡಿ. ಬರೆದವರು ಡೇವಿಡ್ ಟ್ರಾಂಪಿಯರ್. ಒಂದು ದೊಡ್ಡ ರಾಕ್ಷಸನಂಥ ವಿಗ್ರಹ ಕುಳಿತಿದೆ. ಅದರ ತಲೆಯ ಹತ್ತಿರ ಇಬ್ಬರು ಕಳ್ಳರು ಹತ್ತಿ, ಕಣ್ಣಿನಲ್ಲಿರುವ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಹಲ್ಲಿಮನುಷ್ಯರ ಹೆಣಗಳು. ಅವನ್ನು ಎಳೆದು ಹಾಕುತ್ತಿರುವವರು ಬೇರೆ. ಇನ್ನು ಕೆಲವರು ನಕ್ಷೆ ಬಿಡಿಸಿಕೊಂಡು ಮುಂದೆ ಎಲ್ಲಿಗೆ ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಗಮನಿಸಿದಿರಾ? ಕಾದಾಟ ಮುಗಿದುಹೋಗಿದೆ. ಯಾರೂ ನಮ್ಮ ಕಡೆ ನೋಡುತ್ತಿಲ್ಲ. ಎಲ್ಲರಿಗೂ ಕೈತುಂಬ ಕೆಲಸ.

ಮದುವೆ ಮನೆಯಲ್ಲಿ ಎರಡು ಥರದ ಫೋಟೋ ತೆಗೆಯಬಹುದು. ಒಂದು, ರಿಸೆಪ್ಷನ್ ಸ್ಟೇಜಿನ ಮೇಲೆ ಸಾಲಾಗಿ ನಿಂತದ್ದು. ಇನ್ನೊಂದು, ಛತ್ರದ ಹಿಂದೆ ಅಡುಗೆಯವರು ಕೊಪ್ಪರಿಗೆ ಇಳಿಸುವಾಗ ತೆಗೆದದ್ದು. ಟ್ರಾಂಪಿಯರ್ ಮುಖಪುಟ ಎರಡನೇ ಜಾತಿಯದು. ನನಗೆ ಅದು ಬೇಕು. ಯಾಕೆಂದರೆ ಆ ಚಿತ್ರ ತೋರಿಸಿದ ತಕ್ಷಣ ಹೊಸ ಆಟಗಾರರು ಮಾತು ಶುರು ಮಾಡುತ್ತಾರೆ. "ಆ ಕಣ್ಣು ಕಿತ್ತರೆ ವಿಗ್ರಹ ಎದ್ದು ನಿಂತುಬಿಟ್ಟರೆ?" "ಹಗ್ಗ ತಂದಿದ್ದಾರಾ ಇವರು?" ಡೈಸ್ ಮುಟ್ಟುವ ಮೊದಲೇ ಆಟ ಶುರುವಾಗಿರುತ್ತದೆ. ಯೋಚಿಸಿ ನೋಡಿದರೆ ಚಂದಮಾಮದ ಬೇತಾಳ ಕಥೆಗೆ ಶಂಕರ್ ಬರೆದ ವಿಕ್ರಮನೂ ಹೀಗೇ ಅಲ್ವಾ? ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ. ಆ ರಾಜ ಫೋಟೋಗೆ ನಿಂತವನಲ್ಲ, ಹೊರೆ ಹೊತ್ತು ನಡೆಯುತ್ತಿರುವವನು. ಬಹುಶಃ ನನ್ನ ರುಚಿ ಅಲ್ಲೇ ಹುಟ್ಟಿರಬೇಕು.

ಟ್ರಾಂಪಿಯರ್ ಬಗ್ಗೆ ಇನ್ನೊಂದು ಮಾತು, ಸುಮ್ನೆ. ಈ ಆಟದ್ದೇ ಆದ ಡ್ರ್ಯಾಗನ್ ಪತ್ರಿಕೆಗೆ ಅವರು 'ವರ್ಮಿ' ಅಂತ ಒಂದು ಕಾಮಿಕ್ಸ್ ಬರೆಯುತ್ತಿದ್ದರು. 1988ರಲ್ಲಿ ಅದನ್ನು ನಡುವೆಯೇ ಬಿಟ್ಟು ಕಾಣೆಯಾದರು. ಸತ್ತೇ ಹೋಗಿದ್ದಾರೆ ಅಂದುಕೊಂಡವರೂ ಇದ್ದರು. ಎಷ್ಟೋ ವರ್ಷಗಳ ಮೇಲೆ ನೋಡಿದರೆ ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್‌ನಲ್ಲಿ ಟ್ಯಾಕ್ಸಿ ಓಡಿಸಿಕೊಂಡಿದ್ದರು. 2014ರಲ್ಲಿ ತೀರಿಕೊಂಡರು. ಅವರ ಮುಖಪುಟ ನೋಡುವಾಗಲೆಲ್ಲ ನನಗೆ ಆ ಟ್ಯಾಕ್ಸಿ ನೆನಪಾಗುತ್ತದೆ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. 1974ರಲ್ಲಿ ಈ ಆಟ ಹುಟ್ಟುಹಾಕಿದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೊದಲ ಆಟದ ಪೆಟ್ಟಿಗೆ ಬಂದಾಗ ಅಚ್ಚಾದದ್ದು 1000 ಪ್ರತಿ. ಚಿತ್ರಕ್ಕೆ ದುಡ್ಡೆಲ್ಲಿಂದ ಬರಬೇಕು? ಅದರಲ್ಲಿನ ಕೆಲವು ಚಿತ್ರಗಳು ಮಾರ್ವೆಲ್ ಕಾಮಿಕ್ಸ್ ನೋಡಿ ನಕಲು ಮಾಡಿದವು. ಗೂಬೆಕರಡಿಯಂಥ ಹೆಸರಾಂತ ಪ್ರಾಣಿಗಳೇ ಅಂಗಡಿಯಲ್ಲಿ ಸಿಕ್ಕ ಹಾಂಗ್‌ಕಾಂಗ್ ಪ್ಲಾಸ್ಟಿಕ್ ಆಟಿಕೆಗಳಿಂದ ಹುಟ್ಟಿದವು. ಯಾವ ಜಾತಿಯದೂ ಅಲ್ಲದ ಆ ಆಟಿಕೆಗಳನ್ನು ಮೇಜಿನ ಮೇಲಿಟ್ಟು, ಇದಕ್ಕೊಂದು ಹೆಸರು ಬೇಕಲ್ಲ ಅಂತ ಹೆಸರಿಟ್ಟರು. ಆಟದ ವಿಚಿತ್ರ ಪ್ರಾಣಿಗಳ ಪುಸ್ತಕ, 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಡೇವಿಡ್ ಸದರ್‌ಲ್ಯಾಂಡ್ ಓರ್ಕ್ ಅನ್ನುವ ರಕ್ಕಸ ಜಾತಿಗೆ ಹಂದಿ ಮೂತಿ ಇಟ್ಟರು. ಇವತ್ತಿಗೂ ಜಪಾನಿನ ಕಾಮಿಕ್ಸ್, ಗೇಮ್‌ಗಳಲ್ಲಿ ಓರ್ಕ್ ಅಂದರೆ ಹೆಚ್ಚಾಗಿ ಹಂದಿಯೇ.

ಹೊಳಪು ಬಂದದ್ದು ಎಂಬತ್ತರ ದಶಕದಲ್ಲಿ. 1983ರ ಕೆಂಪು ಪೆಟ್ಟಿಗೆಯ ಮೇಲೆ ಲ್ಯಾರಿ ಎಲ್ಮೋರ್ ಬರೆದ ಚಿತ್ರ ನೋಡಿದವರು ಮರೆಯುವುದಿಲ್ಲ. ಕೆಂಪು ಡ್ರ್ಯಾಗನ್ ಬಾಯಿ ತೆರೆದು ಬರುತ್ತಿದೆ, ಎದುರಿಗೆ ಕತ್ತಿ ಎತ್ತಿದ ಒಬ್ಬನೇ ಯೋಧ. ನಮ್ಮ ಗುಂಪಿನ ಹಿರಿಯ ಆಟಗಾರರೊಬ್ಬರಿಗೆ ಎಲ್ಮೋರ್ ಅಂದರೆ ಪ್ರಾಣ. "ಲೋಹದ ಮೇಲೆ ಬೆಳಕು ಬಿದ್ದದ್ದನ್ನ ನೋಡಿ ಸ್ವಾಮಿ, ನಿಮ್ಮ ಟ್ರಾಂಪಿಯರ್‌ಗೆ ಬರುತ್ತಾ ಅದು?" ಬರುವುದಿಲ್ಲ, ಒಪ್ಪಿದೆ. ಕುಂಚದ ಕೈಚಳಕದಲ್ಲಿ ಎಲ್ಮೋರ್ ಮುಂದೆ. ಆದರೆ ಆ ಯೋಧ ಏನು ಮಾಡಬಹುದು? ಹೊಡೆಯಬಹುದು. ಇನ್ನೇನೂ ಇಲ್ಲ. ಮಾತಾಡುವುದಕ್ಕೆ, ಮೋಸ ಮಾಡುವುದಕ್ಕೆ, ಓಡಿಹೋಗುವುದಕ್ಕೆ ಚಿತ್ರದಲ್ಲಿ ಜಾಗವೇ ಇಲ್ಲ. ಆ ಹಿರಿಯರು ಆಡುವುದೂ ಹಾಗೇ. ಬಾಗಿಲು ಕಂಡರೆ ಒದೆಯುತ್ತಾರೆ. ಅವರ ಆಟಕ್ಕೆ ಅವರ ಚಿತ್ರ ಸರಿಯಾಗಿಯೇ ಇದೆ.

ಅದೇ ಎಲ್ಮೋರ್ ಅವರ ಇನ್ನೊಂದು ಚಿತ್ರ ಇದೆ, 1989ರ ಪ್ಲೇಯರ್ಸ್ ಹ್ಯಾಂಡ್‌ಬುಕ್ಕಿನೊಳಗೆ. ಒಂದು ಗುಂಪು, ತಾವು ಕೊಂದ ಡ್ರ್ಯಾಗನ್ನನ್ನು ನೇತುಹಾಕಿ ಪಕ್ಕದಲ್ಲಿ ಜಂಬದಿಂದ ನಿಂತಿದೆ. ಮೀನು ಹಿಡಿದವರು ಫೋಟೋಗೆ ನಿಲ್ಲುವ ಹಾಗೆ. ಡ್ರ್ಯಾಗನ್ ಎಷ್ಟು ದೊಡ್ಡದು ಅಂತೀರಿ? ಮರಿ! ನಾನು ಬೈಯುವ ಸ್ಟೇಜ್ ಫೋಟೋ ಶೈಲಿಯೇ, ಆದರೂ ನನಗೆ ಬಹಳ ಇಷ್ಟ. ಮೊದಲ ಗೆಲುವು ಹೀಗೇ ಇರುತ್ತದೆ.

ಎರೋಲ್ ಓಟಸ್ ಬರೆದ 1981ರ ಬೇಸಿಕ್, ಅಂದರೆ ಹೊಸಬರ ಪೆಟ್ಟಿಗೆಯ ಚಿತ್ರದ ಬಗ್ಗೆ ಜಗಳವೇ ಬೇರೆ. ನೀರಿಂದೇಳುವ ಹಸಿರು ಡ್ರ್ಯಾಗನ್, ಕನಸಿನಂಥ ಬಣ್ಣಗಳು. ಜ್ವರ ಬಂದಾಗ ಕಾಣುವ ಲೋಕ. ಇಷ್ಟಪಟ್ಟವರು ಬಿಡುವುದಿಲ್ಲ, ಉಳಿದವರಿಗೆ ನೋಡಲೇ ಆಗುವುದಿಲ್ಲ. ಇನ್ನು 1991ರಲ್ಲಿ ಇದೇ ಆಟಕ್ಕೆ ಡಾರ್ಕ್ ಸನ್ ಅನ್ನುವ ಹೊಸ ಲೋಕ ಬಂದಾಗ ಚಿತ್ರಕಾರ ಬ್ರಾಮ್ ಮೊದಲು ಚಿತ್ರ ಬರೆದರು, ಎಷ್ಟೋ ಕಡೆ ಕಥೆ ಬರೆಯುವವರು ಆ ಚಿತ್ರಗಳ ಹಿಂದೆ ಹೋದರು. ಒಣಗಿದ ಆ ಮರಳುಗಾಡಿನ ಲೋಕ ಅವರ ಕುಂಚದಿಂದಲೇ ಬಂದದ್ದು.

ನನ್ನ ವಾದ ಸೋಲುವ ಜಾಗ ಒಂದಿದೆ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವಳು ಅಕ್ಕನ ಮಗಳು. ಅವಳಿಗೆ ಹದಿನಾರು. ಎಂಬತ್ತರ ದಶಕದ ಒಂದು ಪುಸ್ತಕ ತಿರುವಿ, ಹಿಮದಲ್ಲಿ ಎರಡು ತುಂಡು ಲೋಹ ಹಾಕಿಕೊಂಡು ನಿಂತಿದ್ದ ಯೋಧೆಯನ್ನು ತೋರಿಸಿದಳು. "ಮಾಮ, ಇವಳಿಗೆ ಚಳಿ ಆಗಲ್ವಾ? ಪಕ್ಕದಲ್ಲಿರೋ ಗಂಡಸು ಕಂಬಳಿ ಹೊದ್ದಿದಾನಲ್ಲ!" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದಳು. ಅದರಲ್ಲಿ ಮನುಷ್ಯರ ಬಗ್ಗೆ ಬರೆದ ಕಡೆ ಇರುವ ಚಿತ್ರ ಒಬ್ಬ ಕಪ್ಪು ಹೆಣ್ಣಿನದು, ಮೈತುಂಬ ಕವಚ ತೊಟ್ಟ ಯೋಧೆ. "ನೋಡಿ, ಇವಳು ನನ್ನ ಥರ ಇದಾಳೆ. ನಿಮ್ಮ ಕಳ್ಳರ ಚಿತ್ರದಲ್ಲಿ ನಾನೆಲ್ಲಿದೀನಿ?"

ನಾನು ಕೆಲಸ ಹುಡುಕುತ್ತಿದ್ದೆ, ಅವಳು ಮುಖ ಹುಡುಕುತ್ತಿದ್ದಳು. ಹೊಸ ಪುಸ್ತಕಗಳಲ್ಲಿ ಒಬ್ಬೊಬ್ಬರನ್ನೇ ಬಿಡಿಯಾಗಿ ನಿಲ್ಲಿಸಿ ಬರೆದ ಚಿತ್ರಗಳು ಜಾಸ್ತಿ. ನನಗೆ ಅವು ಬಟ್ಟೆ ಅಂಗಡಿಯ ಗೊಂಬೆಗಳ ಹಾಗೆ ಕಾಣುತ್ತವೆ. ಅವಳಿಗೆ ಅದು ಕನ್ನಡಿ. ಒಂದನ್ನು ಆರಿಸಿಕೊಂಡು "ಇದು ನಾನು" ಅನ್ನುತ್ತಾಳೆ. ಹಾಗಂತ ಕುರುಡು ಅಭಿಮಾನ ಏನಿಲ್ಲ. ಅದೇ ಪುಸ್ತಕದ ದೊಡ್ಡ ತಲೆ, ಪುಟಾಣಿ ಪಾದದ ಹಾಫ್‌ಲಿಂಗ್ ಅನ್ನುವ ಕುಳ್ಳರನ್ನು ಕಂಡರೆ ಅವಳೂ ನಗುತ್ತಾಳೆ. "ಗಾಳಿ ಬೀಸಿದರೆ ಬೀಳ್ತಾರೆ, ಪಾಪ."

ಈಚೆಗೆ ಕೆಲವರು ತಮ್ಮ ಪಾತ್ರದ ಮುಖವನ್ನು ಎಐ ಹತ್ತಿರ ಮಾಡಿಸಿಕೊಂಡು ಬರುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ನಾಲ್ಕು ಜನ ತಂದ ನಾಲ್ಕು ಮುಖ ಒಂದೇ ಮನೆಯ ಅಣ್ಣತಮ್ಮಂದಿರ ಹಾಗಿದ್ದವು.

ಚಿತ್ರ ನಿಜಕ್ಕೂ ಆಟವನ್ನು ಬದಲಿಸುತ್ತದಾ ಅಂತ ಒಮ್ಮೆ ನೋಡಿದೆವು. ಸ್ವೀಡನ್ನಿನ ಮೋರ್ಕ್ ಬೋರ್ಗ್ ಅನ್ನುವ ಆಟ ಇದೆ, ಕತ್ತಲ ಕೋಟೆ ಅಂತ ಅರ್ಥ. ಪುಸ್ತಕ ಕಣ್ಣಿಗೆ ಹೊಡೆಯುವ ಹಳದಿ, ಮೇಲೆ ಕಪ್ಪು. ಒಳಗೆ ಅಕ್ಷರಗಳೇ ಅಡ್ಡಾದಿಡ್ಡಿ ಓಡುತ್ತವೆ, ಮೆಟಲ್ ಬ್ಯಾಂಡಿನ ಪೋಸ್ಟರ್ ಥರ. ಅದರ ನಿಯಮಗಳನ್ನಷ್ಟೇ, ಚಿತ್ರ ಇಲ್ಲದೆ, ಪುಕ್ಕಟೆಯಾಗಿಯೂ ಕೊಟ್ಟಿದ್ದಾರೆ. ಒಂದು ಭಾನುವಾರ ಆ ಬೋಳು ಪಿಡಿಎಫ್ ಪ್ರಿಂಟ್ ತೆಗೆದು ಆಡಿದೆವು. ಎಲ್ಲರೂ ಎಚ್ಚರಿಕೆಯಿಂದ, ಲೆಕ್ಕ ಹಾಕಿ ಆಡಿದರು. ಬ್ಯಾಂಕಿನಲ್ಲಿ ಫಾರ್ಮ್ ತುಂಬಿದ ಹಾಗಿತ್ತು. ಮುಂದಿನ ಸಲ ಹಳದಿ ಪುಸ್ತಕವನ್ನು ಮೇಜಿನ ನಡುವೆ ಇಟ್ಟೆ. ಅದೇ ನಿಯಮ, ಅದೇ ಜನ. ಅರ್ಧ ಗಂಟೆಯಲ್ಲಿ ಒಬ್ಬ ತನ್ನ ಕೈ ತಾನೇ ಕಡಿದುಕೊಂಡು ಬಾವಿಗೆ ಎಸೆದಿದ್ದ. ಯಾಕಪ್ಪಾ ಅಂದರೆ, "ಈ ಪುಸ್ತಕ ನೋಡಿದರೆ ಇಲ್ಲಿ ಹಾಗೇ ಮಾಡಬೇಕು ಅನ್ಸುತ್ತೆ."

ಇನ್ನು ನಮ್ಮ ರಾಕ್ಷಸನ ಕಥೆ. ಅದೇ 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಅವನೂ ಇದ್ದಾನೆ, ರಾಕ್ಷಸ ಅನ್ನುವ ಹೆಸರಲ್ಲೇ. ಹೇಗಿದ್ದಾನೆ ಗೊತ್ತಾ? ಹುಲಿ ತಲೆ, ಮೈಮೇಲೆ ಸಾಹೇಬರು ಮನೆಯಲ್ಲಿ ತೊಡುವಂಥ ಕೋಟು, ಜೊತೆಗೆ ಹೊಗೆ ಸೇದುವ ಪೈಪು. ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾಯುತ್ತಾನಂತೆ. 1974ರ ಕೊಲ್ಚಾಕ್ ಅನ್ನುವ ಟಿವಿ ಸರಣಿಯ ಒಂದು ಕಂತಿನಲ್ಲೂ ರಾಕ್ಷಸ ಸಾಯುವುದು ಹಾಗೇ. ನಮ್ಮ ಪುರಾಣಕ್ಕಿಂತ ಆ ಟಿವಿಗೇ ಹತ್ತಿರದವನು. ನಾನು ಆ ಪುಟ ಎತ್ತಿ ತೋರಿಸಿದಾಗ ಮೇಜಿನ ಸುತ್ತ ಒಂದೇ ನಗು. "ಇವನು ರಾಕ್ಷಸನೋ, ಕ್ಲಬ್ಬಿನ ಸೆಕ್ರೆಟರಿಯೋ?"

ನಗದೆ ಕೂತಿದ್ದವನು ಪುತ್ತೂರಿನ ಹುಡುಗ. "ಸರ್, ಪುಸ್ತಕ ಮುಚ್ಚಿ. ಲೈಟ್ ಒಂದು ಆಫ್ ಮಾಡಿ" ಅಂದ. ಆಮೇಲೆ ಹೇಳತೊಡಗಿದ. ಯಕ್ಷಗಾನದ ದೇವಿಮಹಾತ್ಮೆ ಆಟ. ರಾತ್ರಿ ತುಂಬ ಹೊತ್ತಾಗಿದೆ, ಇವನು ಅಜ್ಜಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದಾನೆ. ಮಹಿಷಾಸುರ ಬರುವುದು ರಂಗಸ್ಥಳದ ಕಡೆಯಿಂದ ಅಲ್ಲ, ಜನರ ಹಿಂದಿನಿಂದ. ಮೊದಲು ಆರ್ಭಟ ಕೇಳುತ್ತದೆ. ಆಮೇಲೆ ದೊಂದಿಯ ಬೆಳಕು, ರಾಳದ ಪುಡಿ ಎಸೆದಾಗ ಭಗ್ ಅಂತ ಏಳುವ ಬೆಂಕಿ. ಆ ಬೆಂಕಿಯಲ್ಲಿ ಒಂದು ಕ್ಷಣ ಕೊಂಬು, ಒಂದು ಕ್ಷಣ ಮುಖದ ಬಣ್ಣದ ಮೇಲೆ ಇಟ್ಟ ಬಿಳಿ ಚುಕ್ಕಿಗಳ ಚಿಟ್ಟಿ, ಮತ್ತೆ ಕತ್ತಲೆ. "ಮಕ್ಕಳೆಲ್ಲ ಕಿರುಚ್ತಾರೆ. ನಾನೂ ಕಿರುಚಿದ್ದೆ. ಅವನು ನನ್ನ ಪಕ್ಕದಲ್ಲೇ ಹೋದ ಸರ್, ಬೆವರಿನ ವಾಸನೆ ಬಂತು."

ಯಾರೂ ಕೋಡುಬಳೆ ಮುಟ್ಟಲಿಲ್ಲ. ನಾನು ಅವನು ಹೇಳಿದ್ದನ್ನೇ ಎತ್ತಿಕೊಂಡು ಆಟ ಮುಂದುವರಿಸಿದೆ. ಆವತ್ತಿನ ಕಥೆಯಲ್ಲಿ ಆಟಗಾರರ ಪಾತ್ರಗಳು ಹೊಕ್ಕಿದ್ದ ವ್ಯಾಪಾರಿಯ ಮನೆಯಲ್ಲಿ ದೀಪ ಆರಿತು. ಆರ್ಭಟ ಬಂದದ್ದು ಅವರ ಬೆನ್ನ ಹಿಂದಿನಿಂದ. ಬಾಗಿಲು ಒದೆಯುವ ನಮ್ಮ ಹಿರಿಯರು ಆವತ್ತು ಮೊದಲ ಸಲ "ನಾನು ಮೇಜಿನ ಕೆಳಗೆ ಹೋಗ್ತೀನಿ" ಅಂದರು.

ಅಕ್ಕನ ಮಗಳು ಕ್ಯಾರೆಕ್ಟರ್ ಶೀಟಿನ ಹಿಂಭಾಗದಲ್ಲಿ ಏನೋ ಗೀಚುತ್ತಿದ್ದಳು. "ಕೊಂಬು ಎಷ್ಟುದ್ದ ಇರುತ್ತೆ?" ಅಂತ ಅವನನ್ನು ಒಂದೆರಡು ಸಲ ಕೇಳಿಯೂ ಕೇಳಿದಳು. ಆಟ ಮುಗಿದ ಮೇಲೆ ತೋರಿಸಿದಳು. ಕೊಂಬು ಇತ್ತು, ಬೆಂಕಿ ಇತ್ತು, ಮುಖದ ಚಿಟ್ಟಿ ಚುಕ್ಕಿ ಚುಕ್ಕಿಯಾಗಿ ಇತ್ತು. ಆದರೆ ಕಣ್ಣು ಮಾತ್ರ ಅವಳು ಯಾವಾಗಲೂ ಬರೆಯುವ ಕಣ್ಣು. ಬಟ್ಟಲಗಲ, ಉದ್ದ ರೆಪ್ಪೆ, ಒಳಗೊಂದು ಹೊಳೆಯುವ ನಕ್ಷತ್ರ.

ಪುತ್ತೂರಿನವನು ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದ. "ಇದು ಮಹಿಷಾಸುರ ಅಲ್ಲ ಮಾರಾಯ್ತಿ, ಅವನ ತಂಗಿ."

ನನ್ನ ಟಿಪ್ಪಣಿ ಯಾರಿಗೂ ಕಾಣದ ಹಾಗೆ ಮುಂದೆ ನಿಲ್ಲಿಸಿಕೊಳ್ಳುವ ಡಿಎಮ್ ಸ್ಕ್ರೀನಿನ ಒಳಬದಿಯಲ್ಲಿದೆ ಈಗ ಆ ಹಾಳೆ. ಮುಂದಿನ ಕಥೆಯಲ್ಲಿ ತಂಗಿ ಬರುತ್ತಾಳೆ.