ತಲೆ ಹೋದರೂ ಗುರುತು ಸಿಗುವ ಭಿಕ್ಷು

ಬೌದ್ಧ ಗುಹೆಗಳಲ್ಲಿ ಬೋಳುತಲೆ, ನೆತ್ತಿಯ ಮೇಲೆ ಉಷ್ಣೀಷವಿಲ್ಲ (ಬುದ್ಧನ ಮೂರ್ತಿಗಿರುವ ಉಬ್ಬು), ಹುಬ್ಬಿನ ನಡುವೆ ಊರ್ಣೆಯಿಲ್ಲ (ಬುದ್ಧನ ಹಣೆಯ ಬೊಟ್ಟಿನಂಥ ಗುರುತು), ಮೈಮೇಲೆ ಒಡವೆಯಿಲ್ಲ ಎಂದರೆ ಎದುರಿಗಿರುವುದು ಭಿಕ್ಷುವಿನ ಮೂರ್ತಿ. ಯಾವ ಭಿಕ್ಷು ಎಂದು ತಿಳಿಯಲು ಎಲ್ಲರೂ ಮುಖ ನೋಡುತ್ತಾರೆ. ಕತ್ತು ಮತ್ತು ಎದೆಯನ್ನು ಮೊದಲು ನೋಡಿ ಎಂಬುದು ನನ್ನ ಸಲಹೆ.

ಚೀನಾದ ಲುವೊಯಾಂಗ್ ಬಳಿಯ ಲಾಂಗ್‌ಮೆನ್ ಎಂಬ ಬೌದ್ಧ ಗುಹೆಗಳ ಸಮೂಹದಲ್ಲಿ ಕಮಲದ ಗುಹೆ ಎಂಬುದೊಂದಿದೆ. ಅಲ್ಲಿ ಬುದ್ಧನ ಪಕ್ಕದಲ್ಲಿ ಊರುಗೋಲು ಹಿಡಿದ ಕಾಶ್ಯಪನಿದ್ದಾನೆ, ಬುದ್ಧನ ಹಿರಿಯ ಶಿಷ್ಯ. ಅವನ ತಲೆ ಅಲ್ಲಿಲ್ಲ; ಕಡಿದೊಯ್ದದ್ದು ಈಗ ಪ್ಯಾರಿಸ್ಸಿನ ಗಿಮೆ ಮ್ಯೂಸಿಯಮ್ಮಿನಲ್ಲಿದೆ. ಆದರೂ ಇವನು ಕಾಶ್ಯಪನೇ ಎನ್ನಲು ಅನುಮಾನ ಬೇಕಿಲ್ಲ. ದಪ್ಪ ಚೀವರದ (ಭಿಕ್ಷುವಿನ ಬಟ್ಟೆಯ) ನಡುವೆ ತೆರೆದ ಎದೆಯಲ್ಲಿ ಎಲುಬುಗಳು ಎದ್ದು ಕಾಣುತ್ತವೆ: ಕಠಿಣ ವ್ರತದಿಂದ ಮೂಳೆ ಚಕ್ಕಳವಾದ ಮುದುಕನ ಮೈ. ಬುದ್ಧನ ಇನ್ನೊಬ್ಬ ಶಿಷ್ಯ ಆನಂದನನ್ನಾದರೆ ಸಾಮಾನ್ಯವಾಗಿ ಕೆತ್ತುವುದು ಯುವಕನಾಗಿ: ತುಂಬಿದ ಕೆನ್ನೆ, ನುಣುಪಾದ ಕತ್ತು.

ಇವನ್ನು ಭಾವಚಿತ್ರ ಎನ್ನಬಹುದೇ? ಕಾಶ್ಯಪ ತೀರಿಕೊಂಡು ಸಾವಿರ ವರ್ಷ ಕಳೆದ ಮೇಲೆ ಕೆತ್ತಿದ್ದು, ಶಿಲ್ಪಿ ಅವನನ್ನು ಕಂಡವನಲ್ಲ. ಅವನು ಕೆತ್ತಿದ್ದು ವಯಸ್ಸನ್ನು, ಸ್ವಭಾವವನ್ನು. ಆದರೆ ಅದೇ ಲಾಂಗ್‌ಮೆನ್‌ನ ಕಾನ್‌ಜಿಂಗ್ ಗುಹೆಗೆ ಹೋದರೆ ಮಾತು ಬೇರೆ. ಟಾಂಗ್ ರಾಜವಂಶದ ಕಾಲದ (ಏಳರಿಂದ ಹತ್ತನೇ ಶತಮಾನ) ಆ ಗುಹೆಯಲ್ಲಿ ಮೂರು ಗೋಡೆಗಳ ಬುಡದುದ್ದಕ್ಕೂ ಸುಮಾರು ಆಳೆತ್ತರದ 29 ಭಿಕ್ಷುಗಳು ಸಾಲಾಗಿ ನಡೆಯುತ್ತಿದ್ದಾರೆ. ವಯಸ್ಸು, ಕೈಯ ಭಂಗಿ, ತಲೆ ತಿರುಗಿಸಿದ ರೀತಿ ಬೇರೆ ಬೇರೆ. ಶಿಲ್ಪಿಯ ಎದುರು ನಿಜವಾದ ಭಿಕ್ಷುಗಳು ಓಡಾಡುತ್ತಿದ್ದರು ಎಂದೇ ನನಗೆ ಅನಿಸುತ್ತದೆ.

ನೋಡುವಾಗ ಬೆಳಕು ಪಕ್ಕದಿಂದ ಬೀಳಬೇಕು. ನೇರ ಬೆಳಕಿನಲ್ಲಿ ಪಕ್ಕೆಲುಬಿನ ತೆಳು ಉಬ್ಬು, ಕಣ್ಣಂಚಿನ ಸುಕ್ಕು ಎರಡೂ ಮಾಯವಾಗುತ್ತವೆ. ಇನ್ನೊಂದು ಮೋಸವಿದೆ. ಲಾಂಗ್‌ಮೆನ್‌ನದು ಗಟ್ಟಿ ಸುಣ್ಣದ ಕಲ್ಲು, ಸೂಕ್ಷ್ಮ ಗೆರೆಯನ್ನೂ ಹಿಡಿದಿಡುತ್ತದೆ. ಆದರೆ ಬಿರುಕುಗಳಲ್ಲಿ ಜಿನುಗುವ ನೀರು ಸುಣ್ಣವನ್ನು ಕರಗಿಸಿ ತಂದು ಮೂರ್ತಿಯ ಮೇಲೆ ಬಿಳಿ ಪೊರೆಯಾಗಿ ಕಟ್ಟುತ್ತದೆ. ಮೊದಲು ತುಂಬಿಕೊಳ್ಳುವುದು ಆಳವಿಲ್ಲದ ಗೆರೆಗಳು, ಅಂದರೆ ಸುಕ್ಕುಗಳು. ಮುದುಕ ಭಿಕ್ಷು ಯುವಕನಂತೆ ಕಂಡುಬಿಡುತ್ತಾನೆ! ಆಗಲೂ ಕೈಹಿಡಿಯುವುದು ಆಳವಾಗಿ ಕೆತ್ತಿದ ಕೊರಳ ನರ, ಭುಜದ ಬಳಿಯ ಎಲುಬು. ಆ ಪೊರೆಯನ್ನು ಆಮ್ಲ ಹಾಕಿ ತೆಗೆಯುವ ಯೋಚನೆ ಮಾತ್ರ ಬೇಡವೇ ಬೇಡ. ಪೊರೆಯೂ ಸುಣ್ಣ, ಮೂರ್ತಿಯೂ ಸುಣ್ಣ. ಆಮ್ಲ ಎರಡನ್ನೂ ಒಂದೇ ಸಮ ತಿನ್ನುತ್ತದೆ.