ಎರಡು ಡಿಶ್ ಕಟ್ಟಿದರೆ ಸಾಲದು, ಡಿಲೇ ಸರಿಹೊಂದಬೇಕು

6 ಗಿಗಾಹರ್ಟ್ಸ್‌ನ 50 ಕಿ.ಮೀ. ಮೈಕ್ರೋವೇವ್ ರೇಡಿಯೊ ಲಿಂಕು ಹಗಲೆಲ್ಲ ಚೆನ್ನಾಗಿದ್ದು, ಗಾಳಿ ಆಡದ ರಾತ್ರಿ, ನಸುಕಿನ ಹೊತ್ತು ಎರರ್ ಕೊಡುತ್ತಿದ್ದರೆ ಬಹುತೇಕ ಮಲ್ಟಿಪಾತ್ ಫೇಡಿಂಗೇ ಕಾರಣ, ಅಂದರೆ ಬೇರೆ ಬೇರೆ ದಾರಿ ಹಿಡಿದು ಬಂದ ಕಿರಣಗಳು ಒಂದನ್ನೊಂದು ಅಳಿಸಿ ಸಿಗ್ನಲ್ ಕುಸಿಯುವುದು. ಪವರ್ ಏರಿಸಿ ಹೆಚ್ಚು ಪ್ರಯೋಜನವಿಲ್ಲ. ಅದೇ ಟವರಿನಲ್ಲಿ 10 ಮೀಟರ್ ಕೆಳಗೆ ಇನ್ನೊಂದು ಡಿಶ್ ಕಟ್ಟಿ, ಅಂದರೆ 200 ತರಂಗಾಂತರ ದೂರ. ಎರಡರ ಸಿಗ್ನಲ್ಲೂ ಒಟ್ಟಿಗೆ ಕುಸಿಯುವುದು ಅಪರೂಪ. ಇಂಥ ಜೋಡಿ ಡಿಶ್‌ನ ಲಾಭ ಲೆಕ್ಕಹಾಕುವ ವಿಗಂಟ್ಸ್ ಸೂತ್ರದ ಪ್ರಕಾರ, 40 ಡಿಬಿ ಫೇಡ್ ಮಾರ್ಜಿನ್ (ಸಿಗ್ನಲ್ ಕುಸಿದರೂ ಲಿಂಕು ತಾಳಿಕೊಳ್ಳುವ ಮಿತಿ) ಇದ್ದರೆ ಫ್ಲ್ಯಾಟ್ ಫೇಡಿಂಗ್‌ನ (ಇಡೀ ಚಾನೆಲ್ ಒಂದೇ ಸಮ ಕುಸಿಯುವುದರ) ಔಟೇಜ್, ಅಂದರೆ ಲಿಂಕು ಕಡಿದಿರುವ ಹೊತ್ತು, ಸುಮಾರು 140 ಪಟ್ಟು ಇಳಿಯುತ್ತದೆ. ಮಳೆಗೆ ಮಾತ್ರ ಇದು ಮದ್ದಲ್ಲ. ಮಳೆ ಎರಡೂ ಡಿಶ್‌ಗಳ ಸಿಗ್ನಲನ್ನು ಒಂದೇ ಸಮ ತಗ್ಗಿಸುತ್ತದೆ.

ಹೆಚ್ಚಿನವರು ಎಡವುವುದು ಕೇಬಲ್ಲಿನಲ್ಲಿ. ಮೇಲಿನ ಡಿಶ್‌ನ ಕೇಬಲ್ ಕೆಳಗಿನದಕ್ಕಿಂತ 10 ಮೀಟರ್ ಹೆಚ್ಚು ಉದ್ದವಿದ್ದರೆ ಫೋಮ್ ಕೊಆಕ್ಸಿಯಲ್‌ನಲ್ಲಿ ಸಿಗ್ನಲ್ ಸುಮಾರು 42 ನ್ಯಾನೊಸೆಕೆಂಡ್ ತಡವಾಗಿ ಬರುತ್ತದೆ. 28 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಅದು ಹೆಚ್ಚುಕಡಿಮೆ ಒಂದು ಇಡೀ ಸಿಂಬಲ್ (ಒಮ್ಮೆಗೆ ಕಳಿಸುವ ಡೇಟಾ ತುಣುಕು) ಹಿಡಿಯುವ ಹೊತ್ತು! ಎರಡೂ ಸಿಗ್ನಲನ್ನು ಒಂದು ಮಾಡುವ ಕಂಬೈನರ್ ಚಾನೆಲ್ಲಿನ ನಡುವೆ ಫೇಸ್ ಕೂಡಿಸಿದರೂ, ಅಲ್ಲಿಂದ 12 ಮೆಗಾಹರ್ಟ್ಸ್ ಆಚೀಚೆ ಎರಡು ಸಿಗ್ನಲ್ಲೂ ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ. ಆಕಾಶ ತಿಳಿಯಾಗಿದ್ದರೂ ನಾವೇ ಮಲ್ಟಿಪಾತ್ ತಯಾರಿಸಿದಂತಾಯಿತು. ಲೆವೆಲ್ ಚೆನ್ನಾಗಿದೆ, ಎರರ್ ಮಾತ್ರ ನಿಲ್ಲುತ್ತಿಲ್ಲ ಎಂದರೆ ಸ್ಪೆಕ್ಟ್ರಮ್ ಅನಲೈಸರ್ ಹಚ್ಚಿ. ಚಾನೆಲ್ಲಿನ ಅಂಚಿನ ಎರಡು ತಗ್ಗುಗಳು (ನಾಚ್) ಕಣ್ಣಿಗೇ ಬೀಳುತ್ತವೆ. ಕೊಆಕ್ಸಿಯಲ್ ಆದರೆ ಕೆಳಗಿನದಕ್ಕೂ ಅಷ್ಟೇ ಉದ್ದದ ಕೇಬಲ್ ಹಾಕಿ, ಮಿಕ್ಕಿದ್ದನ್ನು ಬಿಗಿಯಾಗಿ ಮಡಿಸದೆ ಸುರುಳಿ ಸುತ್ತಿಡಿ. ವೇವ್‌ಗೈಡ್ (ಕೇಬಲ್ ಬದಲಿನ ಟೊಳ್ಳು ಲೋಹದ ಕೊಳವೆ) ಆದರೆ ಐಎಫ್‌ನಲ್ಲಿ (ರೇಡಿಯೊದೊಳಗಿನ ಇಳಿಸಿದ ಫ್ರೀಕ್ವೆನ್ಸಿಯಲ್ಲಿ) ಡಿಲೇ ಲೈನ್ ಸೇರಿಸಬೇಕು. ಕೇಬಲ್ ಉದ್ದವನ್ನು ಡ್ರಾಯಿಂಗ್ ನೋಡಿ ನಂಬದೆ ಟಿಡಿಆರ್‌ನಲ್ಲಿ (ಪಲ್ಸ್ ಕಳಿಸಿ, ಮರಳಿ ಬರುವ ಹೊತ್ತಿನಿಂದ ಉದ್ದ ಹೇಳುವ ಉಪಕರಣ) ಅಳೆಯಿರಿ.

ಕಂಬೈನರ್ ಯಾವುದನ್ನು ಗುರಿಯಾಗಿಟ್ಟುಕೊಂಡಿದೆ ಎಂಬುದೂ ಮುಖ್ಯ. ಬರೀ ಪವರ್ ಹೆಚ್ಚಿಸುವಂಥದು ಫೇಸ್ ಕೂಡಿಸಿ ಸುಮ್ಮನಾಗುತ್ತದೆ. ನಾಚ್ ಚಾನೆಲ್ಲಿನೊಳಗೇ ಉಳಿಯಬಹುದು. ಮಿನಿಮಮ್ ಡಿಸ್ಪರ್ಷನ್ ಬಗೆಯದು ಕೊಂಚ ಪವರ್ ಬಿಟ್ಟುಕೊಟ್ಟು, ತಡವಾಗಿ ಬಂದ ಕಿರಣವನ್ನು ರದ್ದು ಮಾಡುವಂತೆ ಫೇಸ್ ತಿರುಗಿಸುತ್ತದೆ. ಡಿಜಿಟಲ್ ರೇಡಿಯೊಗೆ ನನ್ನ ಆಯ್ಕೆ ಎರಡನೆಯದೇ, ಅದರಲ್ಲೂ ಕ್ವಾಮ್ (ಒಂದೊಂದು ಸಿಂಬಲ್ಲಿನಲ್ಲಿ ಹಲವು ಬಿಟ್ ತುಂಬುವ ಮಾಡ್ಯುಲೇಷನ್) ಮಟ್ಟ ಏರಿದಷ್ಟೂ.

ಅಲೈನ್‌ಮೆಂಟ್ ಮಾಡುವಾಗ ಒಂದು ಡಿಶ್‌ನ ಕೇಬಲ್ ಕಳಚಿಟ್ಟು ಇನ್ನೊಂದನ್ನು ಒಂಟಿಯಾಗಿ ತಿರುಗಿಸಿ. ಎರಡೂ ಕೂಡಿದ್ದರೆ ಒಂದು ಸೈಡ್ ಲೋಬ್ (ಮುಖ್ಯ ಕಿರಣದ ಪಕ್ಕದ ದುರ್ಬಲ ಕಿರಣ) ಮೇಲೆ ಕೂತಿದ್ದೂ ಗೊತ್ತಾಗುವುದಿಲ್ಲ. ಎರಡರ ಲೆವೆಲ್ಲೂ ಲೆಕ್ಕಕ್ಕೆ ಸರಿಹೊಂದಿದ ಮೇಲೆ ಕೂಡಿಸಿ ನೋಡಿ: ಲೆವೆಲ್ ಸಮವಿದ್ದರೆ ಸಿಗ್ನಲ್-ನಾಯ್ಸ್ ಅನುಪಾತ 3 ಡಿಬಿ ಹತ್ತಿರ ಏರಬೇಕು. ಏರದಿದ್ದರೆ ಮತ್ತೆ ಡಿಲೇ ಅಳೆಯಿರಿ.