ಸಂತೆ ಯಾವ ವಾರ?

ಗೈಡ್ ಇಲ್ಲದೆ, ಗುಂಪಿಲ್ಲದೆ, ನಮ್ಮ ಪಾಡಿಗೆ ನಾವು ಒಂದು ವಾರ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಳಲ್ಲಿ ನಡೆಯೋಣ ಅಂತ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಅಲ್ಲಿ ಸಂತೆ ಯಾವ ವಾರ?"

ಅಪ್ಪ ಚನ್ನಗಿರಿ ಕಡೆಯವರು, ನಿವೃತ್ತ ಮೇಷ್ಟ್ರು. ವಯಸ್ಸು 68. ರೆಡಿಂಗ್‌ನ ನಮ್ಮ ಮನೆಗೆ ಬಂದು ತಿಂಗಳಾಗಿತ್ತು. ಧರ್ಮಸ್ಥಳಕ್ಕೆ ಎರಡು ಸಲ ಪಾದಯಾತ್ರೆ ಮಾಡಿದವರು. ಅವರ ಜೊತೆ ನಡೆಯಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಚಿಪ್ಪಿಂಗ್ ಕ್ಯಾಂಪ್‌ಡೆನ್‌ನಿಂದ ಬಾತ್ ನಗರದವರೆಗೆ 'ಕಾಟ್ಸ್‌ವೋಲ್ಡ್ ವೇ' ಅನ್ನೋ ಕಾಲುದಾರಿ ಇದೆ. ಒಟ್ಟು 102 ಮೈಲಿ, ಅಂದರೆ 164 ಕಿ.ಮೀ. ನಮಗೆ ಅಷ್ಟು ಬೇಡ, ಶುರುವಿನ ಭಾಗ ಸಾಕು. 'ಚಿಪ್ಪಿಂಗ್' ಅಂದರೆ ಹಳೇ ಇಂಗ್ಲಿಷಿನಲ್ಲಿ ಸಂತೆ, ಪೇಟೆ ಅಂತ ಅರ್ಥ ಎಂದೆ. "ಹಾಗಾದ್ರೆ ನಮ್ಮ ಸಂತೇಬೆನ್ನೂರು ಇದ್ದ ಹಾಗೆ" ಅಂದರು ಅಪ್ಪ. ಕ್ಯಾಂಪ್‌ಡೆನ್ ಊರಿನ ನಡುವೆ 1627ರಲ್ಲಿ ಕಟ್ಟಿದ ಕಲ್ಲಿನ ಸಂತೆಕಟ್ಟೆ ಇದೆ. ಅದರ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ, ಕಮಾನುಗಳನ್ನು ಒಂದೊಂದಾಗಿ ನೋಡಿದರು.

ಆದರೆ ಈಗಲೂ ವಾರದ ಸಂತೆ ಜೋರಾಗಿ ನಡೆಯೋದು ಪಕ್ಕದ ಮೋರ್ಟನ್-ಇನ್-ಮಾರ್ಷ್‌ನಲ್ಲಿ, ಮಂಗಳವಾರ. ನಮ್ಮ ರೈಲು ಇಳಿಯುವ ಊರೂ ಅದೇ. ಅಲ್ಲಿಗೆ ಹೊರಡುವ ದಿನ ಗೊತ್ತಾಯಿತು.

ಶನಿವಾರ ಸಂಜೆ ಊಟದ ಮೇಜಿನ ಮೇಲೆ ಬ್ರಿಟನ್ನಿನ ಸರ್ಕಾರಿ ನಕ್ಷಾ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ನಕ್ಷೆ ಹರಡಿಕೊಂಡು ಕೂತೆವು. ಎರಡನೇ ದಿನ ಕ್ಯಾಂಪ್‌ಡೆನ್‌ನಿಂದ ಬ್ರಾಡ್‌ವೇಗೆ, ಮೂರನೇ ದಿನ ಅಲ್ಲಿಂದ ವಿಂಚ್‌ಕೋಂಬ್‌ಗೆ ಅಂತ ನಾನು ಬರೆದಿಟ್ಟಿದ್ದೆ. ಮೊದಲನೆಯದರ ಮುಂದೆ 10, ಎರಡನೆಯದರ ಮುಂದೆ 12.

ಅಪ್ಪ ಸೂಜಿದಾರದ ಡಬ್ಬಿಯಿಂದ ಒಂದು ಎಳೆ ಕೆಂಪು ದಾರ ತಂದರು. ಹಸಿರು ಚುಕ್ಕೆಗಳ ಕಾಲುದಾರಿಯ ಮೇಲೆ, ಪ್ರತಿ ತಿರುವಿನಲ್ಲೂ ಉಗುರಿನಿಂದ ಒತ್ತಿ ಹಿಡಿಯುತ್ತಾ ದಾರ ಕೂರಿಸಿದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಆಮೇಲೆ ದಾರವನ್ನು ಸ್ಕೇಲಿಗೆ ಹಿಡಿದರು. ಈ ನಕ್ಷೆಯಲ್ಲಿ 4 ಸೆಂ.ಮೀ. ಅಂದರೆ 1 ಕಿ.ಮೀ.

"ಇದು 12 ಅಲ್ಲಮ್ಮ, 19 ಹತ್ತಿರ ಬರುತ್ತೆ."

ಮೊದಲ ದಾರಿಯನ್ನು ಕಿಲೋಮೀಟರಿಗೆ ಬದಲಿಸಿದ್ದೆ, ಎರಡನೆಯದನ್ನು ಮೈಲಿಯಲ್ಲೇ ಬಿಟ್ಟಿದ್ದೆ. ಮೈ ಜುಂ ಅಂದಿತು. ಸಮತಟ್ಟಾದ ನೆಲದಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ, ಇದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ. ಅಪ್ಪನ ಕಾಲಿಗೆ ಗಂಟೆಗೆ 3 ಕಿ.ಮೀ. ಅಂತ ಹಿಡಿಯಬೇಕು. ಜೊತೆಗೆ ದಾರಿಯ ಬೇಲಿಗಳಲ್ಲಿ ಗೇಟು ತೆಗೆದು ಮುಚ್ಚೋದೂ ಇದೆ. 19 ಕಿ.ಮೀ. ಅಂದರೆ ಇಡೀ ದಿನ ಬೇಕು.

ನಡುವೆ ಸ್ಟಾಂಟನ್ ಅನ್ನೋ ಹಳ್ಳಿ ಇದೆ. ಅಲ್ಲಿ ಒಂದು ರಾತ್ರಿ ಉಳಿಯೋದು ಅಂತ ಆಯಿತು. ಶುಕ್ರವಾರ ವಿಂಚ್‌ಕೋಂಬ್. ವಾರಾಂತ್ಯದಲ್ಲಿ ಬಹಳಷ್ಟು ತಂಗುಮನೆಗಳು ಎರಡು ರಾತ್ರಿಗಿಂತ ಕಡಿಮೆಗೆ ಕೋಣೆ ಕೊಡೋದಿಲ್ಲ. ಹಾಗಾಗಿ ಶನಿವಾರ ಅಲ್ಲೇ ಕಾಲಿಗೆ ವಿಶ್ರಾಂತಿ, ಸೂಡ್ಲಿ ಕೋಟೆ ನೋಡೋದು. ಭಾನುವಾರ 330 ಮೀಟರ್ ಎತ್ತರದ ಕ್ಲೀವ್ ಗುಡ್ಡ, ಸೋಮವಾರ ಚೆಲ್ಟನಂನಿಂದ ರೈಲು. ದೊಡ್ಡ ಚೀಲಗಳನ್ನು ಊರಿಂದೂರಿಗೆ ಗಾಡಿಯಲ್ಲಿ ಸಾಗಿಸುವವರು ಸಿಗುತ್ತಾರೆ. ಅಪ್ಪನ ಬೆನ್ನ ಮೇಲೆ ಭಾರ ಹೊರಿಸಲು ನನಗೆ ಸುತಾರಾಂ ಇಷ್ಟವಿಲ್ಲ, ಅದಕ್ಕೆಷ್ಟು ಖರ್ಚಾದರೂ ಸರಿ.

ಊಟದ ಚಿಂತೆಯೂ ಇತ್ತು. ಹಳ್ಳಿ ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆಲ್ಲ ಮುಚ್ಚಿಬಿಡೋದು ಮಾಮೂಲು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡರೆ ಆಯಿತು, ಅಲ್ವಾ?

"ಹೊಸ ಶೂ ಹಾಕ್ಕೊಂಡು ಹೊರಟವನು ಮೂರನೇ ದಿನ ಬಸ್ ಹತ್ತುತ್ತಾನೆ" ಅಂತ ಅಪ್ಪ ಮರುದಿನದಿಂದಲೇ ಶೂ ಪಳಗಿಸಲು ಶುರು ಮಾಡಿದರು. ದಿನಾ ಸಂಜೆ ಥೇಮ್ಸ್ ದಡದಲ್ಲಿ ಒಂದು ಗಂಟೆ. ಮನೆಗೆ ಬಂದು ಕಾಲುಚೀಲ ತೆಗೆದು, ಹಿಮ್ಮಡಿ ಒತ್ತಿ ನೋಡಿಕೊಳ್ಳುತ್ತಾರೆ.

ಕೆಂಪು ದಾರವನ್ನು ಅವರು ಬಿಸಾಡಿಲ್ಲ. ರಾತ್ರಿ ತಂಗುವ ಊರಿಗೊಂದು ಗಂಟು ಹಾಕಿ, ಸುತ್ತಿ, ನಕ್ಷೆಯ ಮಡಿಕೆಯೊಳಗೆ ಇಟ್ಟಿದ್ದಾರೆ. ಸ್ಟಾಂಟನ್‌ನ ಗಂಟು ಮಾತ್ರ ಸಡಿಲ, ಅಲ್ಲಿ ಕೋಣೆ ಇನ್ನೂ ಖಚಿತವಾಗಿಲ್ಲ.